ಒಬ್ಬರು ಕ್ರಿಕೆಟ್ಟಿಗೆ, ಒಬ್ಬರು ಭರತನಾಟ್ಯಕ್ಕೆ

"ನಮ್ಮಿಬ್ಬರ ಮಧ್ಯೆ ಜಗಳ ಅಂತ ಏನೂ ಇಲ್ಲ ಮೇಡಂ." ನನ್ನ ಎದುರು ಕೂರುವ ಬಹುಪಾಲು ಜೋಡಿಗಳು ಮಾತು ಶುರು ಮಾಡುವುದೇ ಹೀಗೆ. ಮಾತಾಡುವವರು ಸಾಮಾನ್ಯವಾಗಿ ಗಂಡ. ಹೆಂಡತಿ ಬ್ಯಾಗಿನ ಜಿಪ್ ಎಳೆಯುತ್ತಾ ಬಿಡುತ್ತಾ ಕೂತಿರುತ್ತಾರೆ. ಸಾಲದ ಕಾಟವಿಲ್ಲ, ಅತ್ತೆ ಮಾವನ ತಕರಾರಿಲ್ಲ, ಮಕ್ಕಳು ಚೆನ್ನಾಗಿ ಓದುತ್ತಿದ್ದಾರೆ. "ಆದರೆ ಏನೋ ಒಂಥರಾ..." ಅನ್ನುವಲ್ಲಿ ಮಾತು ನಿಂತುಹೋಗುತ್ತದೆ.

ಮೈಸೂರಿನ ಸರಸ್ವತಿಪುರಂನಲ್ಲಿ ದಂಪತಿಗಳ ಆಪ್ತಸಮಾಲೋಚಕಿಯಾಗಿ ಕೂತು ಇಪ್ಪತ್ತೆರಡು ವರ್ಷದಿಂದ ಇಂಥ ಮಾತು ಕೇಳುತ್ತಿದ್ದೇನೆ. ಗುರುವಾರ ಮಂಡ್ಯಕ್ಕೆ ಹೋಗುತ್ತೇನೆ, ಅಲ್ಲೂ ಇದೇ. ಮಾತು ನಿಂತಾಗ ನಾನು ಕೇಳುವ ಪ್ರಶ್ನೆ ಒಂದೇ: "ನಿನ್ನೆ ಸಂಜೆ ಐದರಿಂದ ಎಂಟರ ತನಕ ಯಾರ್‍ಯಾರು ಎಲ್ಲಿದ್ರಿ?"

ಉತ್ತರ ಥಟ್ಟನೆ ಬರುತ್ತದೆ. ಅವರು ಮಗನನ್ನು ಕ್ರಿಕೆಟ್ ಕೋಚಿಂಗಿಗೆ ಬಿಟ್ಟು ಗೇಟಿನ ಹತ್ತಿರ ಸ್ಕೂಟರ್ ಮೇಲೆ ಕೂತು ಫೋನ್ ನೋಡುತ್ತಿದ್ದರು. ಇವರು ಮಗಳನ್ನು ಭರತನಾಟ್ಯಕ್ಕೆ ಬಿಟ್ಟು, ತರಕಾರಿ ತಂದು, ಅವಳನ್ನು ಅಲ್ಲಿಂದ ಅಬ್ಯಾಕಸ್ ಕ್ಲಾಸಿಗೆ ಒಯ್ದರು. ಎಂಟೂವರೆಗೆ ಎಲ್ಲರೂ ಮನೆ ಸೇರಿದರು. ಇದನ್ನು ಹೇಳುವಾಗ ಇಬ್ಬರ ಮುಖದಲ್ಲೂ ಒಂದು ಹೆಮ್ಮೆ ಇರುತ್ತದೆ. "ಮಕ್ಕಳ ವಿಷಯದಲ್ಲಿ ನಾವು ಫಿಫ್ಟಿ ಫಿಫ್ಟಿ ಮೇಡಂ."

ಆ ಹೆಮ್ಮೆ ನ್ಯಾಯವಾದದ್ದೇ. ಅವರ ಅಪ್ಪಂದಿರು ಮಕ್ಕಳು ಯಾವ ಕ್ಲಾಸಿನಲ್ಲಿ ಓದುತ್ತಾರೆ ಎಂಬುದನ್ನೂ ಹೆಂಡತಿಯನ್ನು ಕೇಳಿಯೇ ಹೇಳುತ್ತಿದ್ದರು. ಆದರೂ ನಾನು ಅಲ್ಲೇ ತಡೆದು ಹೇಳುತ್ತೇನೆ: ಹಂಚಿಕೊಂಡು ಮಾಡುವುದು ಬೇರೆ, ಕೂಡಿ ಮಾಡುವುದು ಬೇರೆ.

ಇದೊಂದನ್ನು ಮನದಟ್ಟು ಮಾಡಿಸುವುದಕ್ಕೆ ನನಗೆ ಕಡಿಮೆಯೆಂದರೂ ಮೂರು ಭೇಟಿ ಬೇಕಾಗುತ್ತದೆ. ಹಂಚಿಕೊಂಡಾಗ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ನೀವು ಒಬ್ಬರಿಗೊಬ್ಬರು ಕಣ್ಣಿಗೆ ಬೀಳುವುದಿಲ್ಲ. ಮಗ ಮೊದಲ ಸಲ ಯಾರನ್ನೋ ಬೌಲ್ಡ್ ಮಾಡಿ ಕುಣಿದದ್ದನ್ನು ಅಪ್ಪ ನೋಡಿದರು. ಅಮ್ಮನಿಗೆ ಅದು ಬರೀ ಸುದ್ದಿ. ಮಗಳು ಅಡವು ತಪ್ಪಿ ಅತ್ತದ್ದನ್ನು ಅಮ್ಮ ನೋಡಿದರು; ಅಪ್ಪನಿಗೆ ಅದು ಸುದ್ದಿ. ಮನೆಯ ಸಂತೋಷ, ಬೇಸರ ಎಲ್ಲ ರಾತ್ರಿ ಹತ್ತು ಗಂಟೆಗೆ ಸುಸ್ತಾದ ದನಿಯಲ್ಲಿ ವರದಿಯಾಗಿ ತಲುಪುತ್ತದೆ. ಇಂಥ ಮನೆಯಲ್ಲಿ ಗಂಡ ಹೆಂಡತಿ ಒಳ್ಳೆಯ ಸಹೋದ್ಯೋಗಿಗಳಾಗುತ್ತಾರೆ. ಸಹೋದ್ಯೋಗಿಯ ಮೇಲೆ ಗೌರವ ಹುಟ್ಟುತ್ತದೆ, ಸಂಜೆ ಅವರು ಬರುವುದನ್ನು ಬಾಗಿಲಲ್ಲಿ ನಿಂತು ಕಾಯಬೇಕು ಅನ್ನಿಸುವುದಿಲ್ಲ.

ಎರಡನೇ ಭೇಟಿಯಲ್ಲಿ ಕೇಳುತ್ತಾರೆ: "ಹಾಗಾದ್ರೆ ಇಬ್ರೂ ಕೋಚಿಂಗ್ ಗೇಟಲ್ಲಿ ಕೂರಬೇಕಾ ಮೇಡಂ?" ಅಲ್ಲ. ಇಲ್ಲವೇ, "ಮಕ್ಕಳನ್ನ ಅವರಜ್ಜಿ ಹತ್ರ ಬಿಟ್ಟು ಮಡಿಕೇರಿ ಕಡೆ ರೆಸಾರ್ಟಿಗೆ ಹೋಗಿಬರ್ತೀವಿ." ಹೋಗಿಬನ್ನಿ, ಖಂಡಿತ ಹೋಗಿಬನ್ನಿ. ಆದರೆ ವಾಪಸಾದ ಸೋಮವಾರ ಮತ್ತೆ ಅದೇ ಐದರಿಂದ ಎಂಟು ಬರುತ್ತದೆ. ನಾನು ಕೇಳುತ್ತಿರುವುದು ಆ ಮೂರು ಗಂಟೆಯಲ್ಲಿ ಒಂದು ಚೂರನ್ನು. ವಾರದಲ್ಲಿ ಮೂರು ನಾಲ್ಕು ದಿನ, ಅರ್ಧ ಮುಕ್ಕಾಲು ಗಂಟೆ, ನಾಲ್ಕೂ ಜನ ಒಂದೇ ಜಾಗದಲ್ಲಿ ಮೈ ಬಗ್ಗಿಸಿ ಆಡಬೇಕು. ಕೂತು ನೋಡುವುದು ಲೆಕ್ಕಕ್ಕಿಲ್ಲ, ವಿಡಿಯೋ ಮಾಡುವುದು ಇನ್ನೂ ಲೆಕ್ಕಕ್ಕಿಲ್ಲ. ನೀವೇ ಓಡಬೇಕು.

ಮಕ್ಕಳ ಕಡೆಯಿಂದ ನೋಡಿದರೂ ಈ ಲೆಕ್ಕ ತಪ್ಪಿದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಷ್ಟು ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೂ ಹೇಳಿದೆ. ತಂದೆ ತಾಯಿ 60 ನಿಮಿಷ ಎಂದ ಕೂಡಲೇ ಒಂದು ಗಂಟೆಯ ಕ್ಲಾಸು ಎಂದು ಓದಿಕೊಳ್ಳುತ್ತಾರೆ. ಒಂದು ಸಂಜೆ ನಾನೇ ಗಡಿಯಾರ ಹಿಡಿದು ಒಂದು ಕ್ರಿಕೆಟ್ ಶಿಬಿರದ ಬೇಲಿ ಪಕ್ಕ ನಿಂತೆ. ನಾನು ಕಣ್ಣಿಟ್ಟಿದ್ದ ಹುಡುಗ ಪ್ಯಾಡ್ ಕಟ್ಟಿಕೊಂಡು ಸಾಲಿನಲ್ಲಿ ನಿಂತ, ಆರು ಚೆಂಡು ಆಡಿದ, ಪ್ಯಾಡ್ ಬಿಚ್ಚಿದ, ಮತ್ತೆ ಸಾಲಿನಲ್ಲಿ ನಿಂತ. ಒಂದು ಗಂಟೆಯಲ್ಲಿ ಅವನು ನಿಜವಾಗಿ ಓಡಾಡಿದ್ದು ಹನ್ನೊಂದು ನಿಮಿಷ. ಕೋಚಿನ ತಪ್ಪೇನೂ ಇಲ್ಲ. ಕಲಿಸುವ ಜಾಗ ಇರುವುದೇ ಹಾಗೆ, ಸರದಿ ಕಾಯಲೇಬೇಕು. ಅದೇ ಹುಡುಗನನ್ನು ಐದು ಜನರ ಲಗೋರಿಗೆ ಬಿಟ್ಟು ನೋಡಿ. ಚೆಂಡು ತಗಲಿ ಏಳು ಕಲ್ಲು ಚೆಲ್ಲಾಪಿಲ್ಲಿಯಾದ ಮೇಲೆ ಯಾರೂ ನಿಲ್ಲುವುದಿಲ್ಲ. ಕುಂಟೆಬಿಲ್ಲೆ, ಖೊ ಖೊ, ಹಗ್ಗದಾಟ ಎಲ್ಲವೂ ಹೀಗೇ. ಎಲುಬು, ಮಾಂಸಖಂಡ ಗಟ್ಟಿಯಾಗುವುದು ಕುಪ್ಪಳಿಸಿದಾಗ, ಹತ್ತಿ ಇಳಿದಾಗ. ಬಯಲ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ದೂರದ್ದು ಮಂಜಾಗಿ ಕಾಣುವ ತೊಂದರೆ ಕಡಿಮೆ ಎಂದು ಕಣ್ಣಿನ ಡಾಕ್ಟರುಗಳೂ ಹೇಳುತ್ತಾರೆ.

ಕ್ಲಾಸು ಬಿಡಿಸಿ ಎನ್ನುತ್ತಿಲ್ಲ. ಆಸೆಪಟ್ಟು ಕಲಿಯುವ ಮಗುವಿಗೆ ಕಲಿಸಿ. ಮೂರಿದ್ದ ಕಡೆ ಒಂದು ಸಾಕು.

ಒಂದು ಜೋಡಿಯ ವಿಷಯ ಹೇಳಬೇಕು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಬ್ಬರೂ ಉದ್ಯೋಗಸ್ಥರು, ಇಬ್ಬರು ಮಕ್ಕಳು. ಅವರ ವಾಟ್ಸಾಪ್ ಮಾತುಕತೆಯಲ್ಲಿ ಕಳೆದ ಒಂದು ವಾರದ್ದನ್ನು ಗಟ್ಟಿಯಾಗಿ ಓದಿ ಎಂದೆ. ಅವರು ಓದಿದರು: "ಹೊರಟೆ." "ಪಿಕಪ್ ಆಯ್ತಾ?" "ಹಾಲು ಒಂದು ಲೀಟರ್." "ಮಿಸ್ ಫೀಸ್ ಕೇಳಿದ್ರು." "ಸರಿ." "ಗೇಟಲ್ಲಿದೀನಿ." ಓದುತ್ತಾ ಓದುತ್ತಾ ದನಿ ಇಳಿಯಿತು. ನಡುವೆ ಒಂದು ಫೋಟೋ ಇತ್ತು. ಕುಂಡದಲ್ಲಿದ್ದ ಮೈಸೂರು ಮಲ್ಲಿಗೆ ಗಿಡದ ಮೊದಲ ಮೊಗ್ಗು. ಆಕೆ ಕಳಿಸಿದ್ದು. ಅದರ ಕೆಳಗೆ ಆತನ ಉತ್ತರ ಒಂದು ಹೆಬ್ಬೆಟ್ಟಿನ ಗುರುತು. ಅದರ ಕೆಳಗೆ, "ಶೂಸ್ ಬ್ಯಾಗಲ್ಲಿದೆಯಾ?"

"ಇದು ನೆನಪಿದೆಯಾ?" ಎಂದು ಕೇಳಿದೆ. ಆತನಿಗೆ ನೆನಪಿರಲಿಲ್ಲ. ಆಕೆ ಎರಡು ವರ್ಷ ಹೂ ಬಿಡದ ಗಿಡ ಅದು ಎಂದರು. ಸಾಕಿ, ಗೊಬ್ಬರ ಹಾಕಿ, ಬಿಸಿಲಿಗೆ ಎಳೆದಿಟ್ಟು ಬರಿಸಿದ ಮೊಗ್ಗು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೊಸದಾಗಿ ಮದುವೆಯಾದವರನ್ನು ಗಮನಿಸಿ, ಆರು ವರ್ಷದ ನಂತರ ಅವರನ್ನು ಮತ್ತೆ ಹುಡುಕಿದರು. "ನೋಡಿಲ್ಲಿ" ಎಂದು ಒಬ್ಬರು ಕರೆದಾಗ, ಜೊತೆಗೇ ಉಳಿದ ದಂಪತಿಗಳು 100ಕ್ಕೆ 86 ಸಲ ಓಗೊಟ್ಟಿದ್ದರು. ಬೇರೆಯಾದವರು 33 ಸಲ ಮಾತ್ರ. ಅದು ಅಮೆರಿಕದ ಮಾತು, ಆ ಅಂಕಿಯನ್ನು ನಿಮ್ಮ ಮನೆಗೆ ಅಳತೆಗೋಲು ಮಾಡಿಕೊಳ್ಳಬೇಡಿ. ಆದರೆ ಮಲ್ಲಿಗೆ ಮೊಗ್ಗಿಗೆ ಓಗೊಡಬೇಕಾದರೆ ಆ ಹೊತ್ತಿಗೆ ನೀವು ಪಕ್ಕದಲ್ಲಿರಬೇಕು, ತಲೆಯಲ್ಲಿ ಶೂಸ್ ಇರಬಾರದು. ಕೂಡಿ ಆಡುವ ಮುಕ್ಕಾಲು ಗಂಟೆಯನ್ನು ನಾನು ಇಷ್ಟು ಹಟ ಹಿಡಿದು ಕೇಳುವುದು ಇದಕ್ಕೇ.

ಆಟವೇ ಯಾಕೆ, ಕೂತು ಕಾಫಿ ಕುಡಿಯಬಾರದೇ ಎಂದರೆ, ಕುಡಿಯಬಹುದು. ಆದರೆ ಕಾಫಿ ಲೋಟ ಹಿಡಿದು ಕೂತ ಎರಡು ನಿಮಿಷಕ್ಕೆ ಮಾತು ಫೀಸಿಗೆ ಹೋಗುತ್ತದೆ. ಓಡುವಾಗ ಹೋಗುವುದಿಲ್ಲ. ಆರ್ಥರ್ ಆರನ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು 2000ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. ಗಂಡ ಹೆಂಡಿರ ಮಣಿಕಟ್ಟು, ಕಾಲಿನ ಗಿಣ್ಣು ಒಂದಕ್ಕೊಂದು ಪಟ್ಟಿಯಿಂದ ಬಿಗಿದು, ಮೆತ್ತೆಯ ಮೇಲೆ ಅಂಬೆಗಾಲಿಡುತ್ತಾ, ಇಬ್ಬರ ಮೈ ನಡುವೆ ಸಿಕ್ಕಿಸಿದ ದಿಂಬನ್ನು ಬೀಳಿಸದೆ ಸಾಗಿಸಬೇಕು. ಏಳು ನಿಮಿಷದ ಆಟ. ಸುಮ್ಮನೆ ಚೆಂಡು ಉರುಳಿಸಿದ ಜೋಡಿಗಳಿಗಿಂತ ಇವರಿಗೆ ತಮ್ಮ ಸಂಬಂಧ ಹೆಚ್ಚು ಚೆನ್ನಾಗಿದೆ ಅನ್ನಿಸಿತ್ತು. ಏಳು ನಿಮಿಷದ್ದು ಎಷ್ಟು ದಿನ ಉಳಿಯಿತು ಎಂದು ನಾನು ವಾದಿಸುವುದಿಲ್ಲ. ಆದರೆ ಅಂಥ ಆಟಕ್ಕೆ ಪ್ರಯೋಗಾಲಯ ಬೇಕಿಲ್ಲ, ಏಳು ವರ್ಷದ ಮಗು ಮನೆಯಲ್ಲಿದ್ದರೆ ಸಾಕು.

ಇಲ್ಲಿ ನಮ್ಮ ಕಡೆಯ ಒಂದು ಸಂಕೋಚದ ಮಾತು ಬರುತ್ತದೆ. ಹಿರಿಯರಿರುವ ಮನೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತು ನಗುವುದಕ್ಕೂ ಹಿಂಜರಿಕೆ. ಮಂಡ್ಯದ ಒಬ್ಬರು ಹೆಣ್ಣುಮಗಳು, "ನಮ್ಮತ್ತೆ ಎದ್ರಿಗೆ ನಾನು ಅವರ ಪಕ್ಕ ಕೂತ್ಕಂಡ್ರೂ ಒಂಥರಾ ನೋಡ್ತಾರೆ ಮೇಡಂ" ಎಂದಿದ್ದರು. ಇಂಥ ಮನೆಗೆ ಮಗುವಿಗಿಂತ ಒಳ್ಳೆಯ ನೆಪ ಇನ್ನೊಂದಿಲ್ಲ. "ಪಾಪು ಆಟಕ್ಕೆ ಕರೀತಾವ್ನೆ" ಎಂದರೆ ಯಾವ ಅತ್ತೆಯೂ ಬೇಡ ಎನ್ನುವುದಿಲ್ಲ.

ಈಗ ಎಚ್ಚರಿಕೆಯ ಮಾತು. ಹೊಡೆತ ಬಡಿತ ಇರುವ ಮನೆಗೆ, ದಿನಾ ಕುಡಿದು ಬರುವ ಮನೆಗೆ ಲಗೋರಿ ಮದ್ದಲ್ಲ. ಅಂಥವರು ದಯವಿಟ್ಟು ನೇರವಾಗಿ ಸಹಾಯ ಕೇಳಿ, ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ. ಹೆರಿಗೆಯಾದ ಮೇಲೆ ತಾಯಿ ವಾರಗಟ್ಟಲೆ ಮಂಕಾಗಿದ್ದರೆ ಡಾಕ್ಟರಿಗೆ ತೋರಿಸಿ. ಮಂಡಿ ನೋವು, ಬಿಪಿ ಇರುವವರು ಓಡುವ ಮುಂಚೆ ಕೇಳಿಕೊಳ್ಳಿ. ಇನ್ನು ಅಡಿಗೆ, ಪಾತ್ರೆ, ಬಟ್ಟೆ ಇವನ್ನು ಹಂಚಿಕೊಳ್ಳಲೇಬೇಕು, ಅದರಲ್ಲಿ ರಾಜಿಯಿಲ್ಲ. ದುಡಿದು ಬಂದ ಹೆಂಡತಿಯನ್ನು ರಾತ್ರಿ ಹತ್ತರ ತನಕ ಅಡಿಗೆಮನೆಯಲ್ಲಿ ಬಿಟ್ಟು, ಆಮೇಲೆ "ಇವಳಿಗೆ ನನ್ನ ಮೇಲೆ ಆಸೆಯೇ ಇಲ್ಲ" ಎಂದು ದೂರು ತರುವ ಗಂಡಸರ ಮೇಲೆ ನನಗೆ ಸಿಟ್ಟು ಬರುತ್ತದೆ. ಅದನ್ನು ಅವರ ಎದುರಿಗೇ ಹೇಳಿದ್ದೇನೆ.

ವಾಕಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಎಷ್ಟೋ ದಂಪತಿಗಳನ್ನು ನೋಡುತ್ತೇನೆ. ಗಂಡ ಮೂವತ್ತು ಹೆಜ್ಜೆ ಮುಂದೆ, ಕಿವಿಯಲ್ಲಿ ಇಯರ್‌ಫೋನ್, ಕೈಗಡಿಯಾರದಲ್ಲಿ ಹೆಜ್ಜೆಯ ಲೆಕ್ಕ. ಹೆಂಡತಿ ಹಿಂದೆ ಇನ್ನೊಬ್ಬರ ಜೊತೆ. ಅದು ಆರೋಗ್ಯಕ್ಕೆ ಒಳ್ಳೆಯದು, ಅಷ್ಟೇ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನೋಡಿ. ಹರಕೆ ಹೊತ್ತವರು ಮೆಟ್ಟಿಲಿಗೆ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವುದನ್ನು ನೋಡಿ ಮಕ್ಕಳು ಎಣಿಸಲು ಶುರು ಮಾಡುತ್ತಾರೆ, ಇನ್ನೂರರಲ್ಲಿ ಲೆಕ್ಕ ತಪ್ಪುತ್ತದೆ, ಅಪ್ಪ ಒಂದು ಹೇಳುತ್ತಾರೆ, ಅಮ್ಮ ಇನ್ನೊಂದು. ನಂದಿಯ ಹತ್ತಿರ ಬರುವ ಹೊತ್ತಿಗೆ ಯಾರ ಕೈ ಯಾರು ಹಿಡಿದಿದ್ದಾರೆ ಎಂದು ಯಾರೂ ಗಮನಿಸಿರುವುದಿಲ್ಲ.

ಅತ್ತೆಯ ಮಾತು ಹೇಳಿದೆನಲ್ಲ, ಆ ಮಂಡ್ಯದವರ ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವವರು. ಅವರಿಗೆ ವಾರದಲ್ಲಿ ನಾಲ್ಕು ದಿನ ಎಲ್ಲಿಂದ ಬರಬೇಕು? ಭಾನುವಾರ ಒಂದೇ ಎಂದು ಒಪ್ಪಿಕೊಂಡೆವು. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮಕ್ಕಳ ಜೊತೆ ಲಗೋರಿ. ನಾಲೆ ಏರಿ ಕಡೆ ಮಾತ್ರ ಆಟ ಬೇಡ ಎಂದು ಒತ್ತಿ ಹೇಳಿದ್ದೆ. ಎರಡು ತಿಂಗಳ ಮೇಲೆ ಬಂದಾಗ ಜಿಪ್ ಎಳೆಯುವ ಕೈ ಸುಮ್ಮನಿತ್ತು. ಮಾತಾಡಿದ್ದು ಆತ: "ಇವ್ಳು ಸೆರಗು ಸಿಕ್ಕಿಸ್ಕಂಡು ಓಡ್ಬುಟ್ಳು ಮೇಡಂ, ನನ್ ಕೈಗೇ ಸಿಗ್ನಿಲ್ಲ. ಹೈಸ್ಕೂಲಲ್ಲಿ ಖೊ ಖೊ ಆಡ್ತಿದ್ಳಂತೆ. ಹನ್ನೊಂದು ವರ್ಷ ಆಯ್ತು ಮದ್ವೆಯಾಗಿ, ನಂಗೆ ಗೊತ್ತೇ ಇರ್ನಿಲ್ಲ."

"ನೀವು ಕೇಳ್ಲಿಲ್ವಲ್ಲ" ಎಂದರು ಆಕೆ. ಇಬ್ಬರೂ ನನ್ನನ್ನು ಮರೆತು ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡುತ್ತಾ ಕೂತರು.

ಹೋದ ಗುರುವಾರ ಆಕೆ ಫೋನ್ ಮಾಡಿದ್ದರು. "ಆ ಸೈಟಿಗೆ ಪಾಯ ತೋಡ್ತಾವ್ರೆ ಮೇಡಂ. ಬೇರೆ ಜಾಗ ಹುಡುಕ್ತಾ ಇದೀವಿ. ನಮ್ಮತ್ತೆನೂ ಹುಡುಕ್ತಾವ್ರೆ."