ಕಿಡ್ನಿ ಕಾಯಿಲೆಯಲ್ಲಿ ಮರೆವೇಕೆ?

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಓದಿದ ಪುಟವನ್ನೇ ಮತ್ತೆ ಓದಬೇಕಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆಯಿಂದ ಕಿಡ್ನಿಗೆ ಪೆಟ್ಟು ಬಿದ್ದವರಲ್ಲಿ ಎಷ್ಟೋ ಜನ ಹೀಗೆ ಹೇಳಿಕೊಳ್ಳುತ್ತಾರೆ. ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಅವರನ್ನು ಸುಮ್ಮನಾಗಿಸುವುದು ಅನ್ಯಾಯ. ಮಿದುಳಿಗೂ ಈ ಕಾಯಿಲೆಗೂ ನಿಜವಾದ ನಂಟಿದೆ.

ಲೂಪಸ್‌ನಲ್ಲಿ ರೋಗನಿರೋಧಕ ವ್ಯವಸ್ಥೆ ನಮ್ಮದೇ ಡಿಎನ್‌ಎ ವಿರುದ್ಧ ಪ್ರತಿಕಾಯಗಳನ್ನು (ಸಾಮಾನ್ಯವಾಗಿ ರೋಗಾಣುಗಳಿಗೆ ಅಂಟಿ ಹೋರಾಡುವ ಪ್ರೋಟೀನ್‌ಗಳನ್ನು) ತಯಾರಿಸುತ್ತದೆ. ಅವು ಕಿಡ್ನಿಯ ಸೋಸುವ ಭಾಗಗಳಲ್ಲಿ ಸಿಕ್ಕಿಕೊಂಡು ಉರಿಯೂತ ಎಬ್ಬಿಸುತ್ತವೆ. ಮೂತ್ರದಲ್ಲಿ ಪ್ರೋಟೀನ್ ಸೋರತೊಡಗುತ್ತದೆ. ಇಂಥ ಪ್ರತಿಕಾಯಗಳಲ್ಲಿ ಕೆಲವು ನರಕೋಶಗಳ ಮೇಲೆ ಸಂದೇಶ ಹಿಡಿಯುವ ಎನ್‌ಎಂಡಿಎ ಗ್ರಾಹಕಕ್ಕೂ ಅಂಟುತ್ತವೆ ಎಂದು ಲೂಪಸ್ ಸಂಶೋಧಕಿ ಬೆಟ್ಟಿ ಡೈಮಂಡ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಕಲಿಕೆಗೂ ನೆನಪಿಗೂ ಬೇಕೇ ಬೇಕಾದ ಗ್ರಾಹಕ ಅದು. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ಒಂದು ತಡೆ ಇದೆ. ಇಲಿಗಳಲ್ಲಿ ಆ ತಡೆ ಗಟ್ಟಿಯಾಗಿರುವವರೆಗೆ ಈ ಪ್ರತಿಕಾಯಗಳಿಂದ ತೊಂದರೆಯಾಗಲಿಲ್ಲ. ತಡೆ ಸಡಿಲವಾದಾಗ ಮಾತ್ರ, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನ ನರಕೋಶಗಳು ಸತ್ತವು. ಸೋಂಕಿನಂಥ ಸಂದರ್ಭಗಳಲ್ಲಿ ಈ ತಡೆ ಸಡಿಲವಾಗಬಹುದು ಎಂಬುದರಿಂದಲೇ ಈ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ.

ಹಾಗೆಂದು ಎಲ್ಲವನ್ನೂ ಪ್ರತಿಕಾಯದ ತಲೆಗೆ ಕಟ್ಟಲಾಗದು. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಶೇ. 20 ಕಿಡ್ನಿಗಳಿಗೆ, ಶೇ. 15 ಮಿದುಳಿಗೆ ಹೋಗುತ್ತದೆ. ಎರಡೂ ಕಡೆ ಕೂದಲಿಗಿಂತ ಸಣ್ಣ ರಕ್ತನಾಳಗಳು ತುಂಬಿವೆ. ಬಿಪಿ ಏರಿದರೆ ಎರಡೂ ಸವೆಯುತ್ತವೆ. ಐಜಿಎ ನೆಫ್ರೋಪತಿಯಂಥ ಇತರ ಕಿಡ್ನಿ ಕಾಯಿಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಕಿಡ್ನಿ ಸೋತಂತೆ ರಕ್ತದಲ್ಲಿ ಕಲ್ಮಷ ಉಳಿಯುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ, ನಿದ್ದೆ ಕೆಡುತ್ತದೆ, ಖಿನ್ನತೆಯೂ ಕಾಡಬಹುದು. ಚಿಕಿತ್ಸೆಗೆ ಕೊಡುವ ಸ್ಟೀರಾಯ್ಡ್‌ನ ಹೆಚ್ಚಿನ ಡೋಸ್ ಕೂಡ ನೆನಪಿನ ಶಕ್ತಿಯನ್ನು ಕುಗ್ಗಿಸಬಲ್ಲದು. ಇವುಗಳಲ್ಲಿ ಬಿಪಿ, ರಕ್ತಹೀನತೆ, ನಿದ್ದೆ, ಖಿನ್ನತೆಗಳಿಗೆ ಚಿಕಿತ್ಸೆ ಇದೆ. ಆದ್ದರಿಂದಲೇ ಮರೆವಿನ ಬಗ್ಗೆ ವೈದ್ಯರು ತಾವಾಗಿಯೇ ಕೇಳಬೇಕು.

ಹತ್ತು ನಿಮಿಷ ಹಿಡಿಯುವ, ನೆನಪು, ಗಮನಗಳನ್ನು ಅಳೆಯುವ 30 ಅಂಕಗಳ ಮೋಕಾ ಎಂಬ ಪರೀಕ್ಷೆಯಿಂದ ಶುರುಮಾಡಬಹುದು. ಆದರೆ ಹೆಚ್ಚು ಓದಿದವರಿಗೆ ಅದರಲ್ಲಿ ಒಳ್ಳೆಯ ಅಂಕ ಬಂದರೂ ದಿನನಿತ್ಯದ ಕೆಲಸದಲ್ಲಿ ತೊಡಕಿರಬಹುದು. ಅವರ ಮಾತನ್ನು ನಂಬಿ ವಿವರವಾದ ಪರೀಕ್ಷೆಗೆ ಕಳಿಸಬೇಕು.

ಮರೆವು ಇರುವವರಿಗೇ ದಿನಕ್ಕೆ ಹತ್ತಾರು ಮಾತ್ರೆಗಳ ಲೆಕ್ಕ ಇಡುವ ಕೆಲಸ ಬೀಳುತ್ತದೆ. ಡೋಸ್ ತಪ್ಪಿದರೆ ಕಾಯಿಲೆ ಮತ್ತೆ ಕೆರಳುತ್ತದೆ, ಅದಕ್ಕೆ ‘ನಿರ್ಲಕ್ಷ್ಯ’ ಎಂಬ ಬೈಗುಳವೂ ಸೇರುತ್ತದೆ. ವಾರದ ಮಾತ್ರೆಗಳನ್ನು ದಿನವಾರು ಡಬ್ಬಿಗಳಲ್ಲಿ ವಿಂಗಡಿಸಿಡುವುದು, ಡೋಸ್ ಬದಲಾದಾಗಲೆಲ್ಲ ಬರೆಸಿಕೊಳ್ಳುವುದು, ವೈದ್ಯರ ಬಳಿ ಹೋಗುವಾಗ ಮನೆಯವರೊಬ್ಬರು ಜೊತೆಗಿರುವುದು ಉಪಯೋಗಕ್ಕೆ ಬರುತ್ತವೆ. ಮರೆವಿಗೆ ಸ್ಟೀರಾಯ್ಡೇ ಕಾರಣವೆಂದು ಅನ್ನಿಸಿದರೂ ಅದನ್ನು ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಅದು ಪ್ರಾಣಕ್ಕೇ ಅಪಾಯ ತರಬಹುದು.