ಕಷಾಯ ಅಂದರೆ ಒಗರು

ಹೋದ ವಾರ ಅಥಣಿ ಪೇಟೆಯ ಅಂಗಡಿಯೊಂದರಲ್ಲಿ ‘ನಿಂಬೆ ಕಷಾಯ’ ಅಂತ ಬರೆದ ಪೊಟ್ಟಣ ಕಂಡೆ. ತಿರುಗಿಸಿ ನೋಡಿದರೆ ಸಕ್ಕರೆ, ಉಪ್ಪು, ನಿಂಬೆ ಪುಡಿ. ತಣ್ಣೀರಿಗೆ ಕಲಸಿ ಕುಡಿಯಿರಿ ಅಂತ ಸೂಚನೆ. ಅದು ಶರಬತ್ತು. ಮನೆಗೆ ಬಂದರೆ ಗೆಳತಿಯ ಫೋನು. ಅವಳೂ ನಮ್ಮ ಹಾಗೆ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡುವವಳು. “ಹಾಗಲಕಾಯಿ ರಸ ಕುಡಿಸಿದೆ, ಭಾಳ ಕಷಾಯ ಇತ್ತು, ಹುಡುಗ ಉಗುಳಿಬಿಟ್ಟ” ಅಂದಳು. ಹಾಗಲಕಾಯಿ ಕಹಿ. ಕಷಾಯ ಅಲ್ಲ. ಒಂದೇ ದಿನ ಎರಡು ಸಲ ಆದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಆರು ರುಚಿ ಎಣಿಸಿ ನೋಡಿ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಆಮೇಲೆ ಒಗರು. ಈ ಕೊನೆಯ ಒಗರಿಗೇ ಸಂಸ್ಕೃತದಲ್ಲಿ ಕಷಾಯ ಅನ್ನುವುದು. ಕಹಿಗೆ ಅಲ್ಲಿ ‘ತಿಕ್ತ’ ಅಂತ ಬೇರೆ ಹೆಸರೇ ಇದೆ. ಎರಡನ್ನೂ ಒಂದೇ ಮಾಡಿದರೆ ಆರರಲ್ಲಿ ಒಂದು ರುಚಿ ಕಳೆದುಹೋಗುತ್ತದೆ, ಅಲ್ವಾ?

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ನಾಲ್ಕು ಬಟ್ಟಲು ಇಟ್ಟೆ. ಬೇವಿನ ಎಲೆ, ಹಾಗಲಕಾಯಿ ಹೋಳು, ಎಳೆ ಬಾಳೆಕಾಯಿ, ಒಣಗಿದ ದಾಳಿಂಬೆ ಸಿಪ್ಪೆ. ಸ್ವಲ್ಪ ಸ್ವಲ್ಪ ಅಗಿದು ಉಗುಳಿ ಅಂದೆ. ಮೊದಲ ಎರಡಕ್ಕೆ ಇಬ್ಬರೂ ಮುಖ ಕಿವುಚಿದರು. ದಾಳಿಂಬೆ ಸಿಪ್ಪೆಗೆ ಬಂದಾಗ ಚಿಕ್ಕವಳು ನಾಲಗೆಯನ್ನು ಮೇಲಿನ ಹಲ್ಲಿಗೆ ತಿಕ್ಕುತ್ತಾ, “ಅವ್ವಾ, ಇದು ನಾಲಿಗಿ ಹಿಡಕೋತೈತಿ” ಅಂದಳು. ಒಗರನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಒಗರು ಪದಾರ್ಥಗಳಲ್ಲಿ ಟ್ಯಾನಿನ್ ಅನ್ನುವ ಅಂಶ ಇರುತ್ತದೆ. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಿಡುತ್ತದೆ. ಎಂಜಲಿನ ಜಾರುವ ಗುಣ ಹೋಗಿ ಬಾಯಿ ಒರಟೊರಟಾಗುತ್ತದೆ. ಕಹಿ ಒಂದು ರುಚಿ, ಒಗರು ಒಂದು ಹಿಡಿತ.

ಪದವನ್ನು ಸಾಮಾನ್ಯವಾಗಿ ‘ಕಷ್’ ಧಾತುವಿನಿಂದ ಬಿಡಿಸುತ್ತಾರೆ. ಉಜ್ಜು, ತಿಕ್ಕು, ಕೆರೆ ಅಂತ ಅದರ ಅರ್ಥ. ಬಂಗಾರ ತಿಕ್ಕಿ ನೋಡುವ ಒರೆಗಲ್ಲಿಗೆ ‘ನಿಕಷ’ ಅನ್ನುವುದೂ ಇದೇ ಧಾತುವಿನಿಂದ. ಗಂಟಲನ್ನು ಕೆರೆದ ಹಾಗೆ ಆಗುವ ರುಚಿ ಕಷಾಯ. ಅಲ್ಲಿಂದ ಮುಂದೆ ಒಗರು ತೊಗಟೆ, ಸಿಪ್ಪೆ, ಕಾಯಿ ಕುದಿಸಿದ ನೀರಿಗೂ ಅದೇ ಹೆಸರು. ಆ ನೀರಿನ ಕೆಂಗಂದು ಬಣ್ಣಕ್ಕೂ ಅದೇ ಹೆಸರು. ಆ ನೀರಿನಲ್ಲಿ ಅದ್ದಿ ಬಣ್ಣ ಹಿಡಿಸಿದ ಬಟ್ಟೆ ‘ಕಾಷಾಯ’. ಇದು ಸುಮ್ನೆ ಕಾಗುಣಿತದ ವ್ಯತ್ಯಾಸ ಅಂದುಕೊಳ್ಳಬೇಡಿ. ಬಣ್ಣ ಹಾಕಿದ ಬಟ್ಟೆಗೆ ಬಣ್ಣದಿಂದಲೇ ಹೆಸರು ಬರುತ್ತದೆ ಅಂತ ಪಾಣಿನಿ ಒಂದು ಸೂತ್ರವನ್ನೇ ಮಾಡಿದ್ದಾನೆ. ಅದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ಇದೇ: ಕಷಾಯದಲ್ಲಿ ಅದ್ದಿದ್ದು ಕಾಷಾಯ. ಸ್ವಾಮಿಗಳ ಮೈಮೇಲಿನ ಬಟ್ಟೆ, ಅಡುಗೆಮನೆಯ ಪಾತ್ರೆ ಎರಡೂ ಒಂದೇ ಪದದಲ್ಲಿ ಕೂತಿವೆ.

ಕುಡಿಯುವ ಕಷಾಯದ ಬಗ್ಗೆ ಎರಡು ಮಾತು. ಆಯುರ್ವೇದದಲ್ಲಿ ಐದು ಬಗೆಯ ಕಷಾಯ ಹೇಳುತ್ತಾರೆ. ಹಿಂಡಿದ ರಸ ಸ್ವರಸ, ಅರೆದದ್ದು ಕಲ್ಕ, ಕುದಿಸಿ ಇಳಿಸಿದ್ದು ಕ್ವಾಥ, ತಣ್ಣೀರಿನಲ್ಲಿ ನೆನೆಸಿದ್ದು ಹಿಮ, ಬಿಸಿನೀರು ಹೊಯ್ದು ಸೋಸಿದ್ದು ಫಾಂಟ. ಆದರೆ ನಾವು ಮಾತಿನಲ್ಲಿ ಕಷಾಯ ಅನ್ನುವುದು ಕ್ವಾಥಕ್ಕೆ ಮಾತ್ರ. ಬೆಳಗಾವಿ ಕಡೆ ಮರಾಠಿ ಪ್ರಭಾವದಿಂದ ‘ಕಾಡಾ’ ಅನ್ನುತ್ತಾರಲ್ಲ, ಅದಕ್ಕೂ ಈ ಕ್ವಾಥಕ್ಕೂ ನಂಟಿದೆ. ಶಾರ್ಙ್ಗಧರ ಸಂಹಿತೆ ಅನ್ನುವ ಹಳೆಯ ಆಯುರ್ವೇದ ಗ್ರಂಥದ ಲೆಕ್ಕದಲ್ಲಿ 1 ಪಾಲು ಜಜ್ಜಿದ ಪದಾರ್ಥಕ್ಕೆ 16 ಪಾಲು ನೀರು ಹಾಕಿ, ಎಂಟರಲ್ಲಿ ಒಂದು ಪಾಲು ಉಳಿಯುವ ತನಕ ಕುದಿಸಬೇಕು. ನಮ್ಮ ಅತ್ತಿಯವರ ಲೆಕ್ಕ ಇನ್ನೂ ಸಡಿಲ, “ಎರಡು ಲೋಟ ಅರ್ಧ ಲೋಟಕ್ಕ ಇಳೀಬೇಕ”. ಹೇಗಾದರೂ ಇಳಿಯಬೇಕು. ಎರಡು ನಿಮಿಷ ತುಳಸಿ ಎಲೆ ಅದ್ದಿ ತೆಗೆದದ್ದನ್ನು ಚಹಾ ಅನ್ನಿ. ಅದರಲ್ಲಿ ಅವಮಾನ ಏನಿಲ್ಲ.

ಪದದ ಅರ್ಥ ಗೊತ್ತಿದ್ದರೆ ಇನ್ನೊಂದು ಅನುಕೂಲವಿದೆ. ಒಗರು ಕಷಾಯವನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಬಾರದು, ಕರ್ರಗಾಗುತ್ತದೆ. ರಕ್ತ ಕಡಿಮೆ ಅಂತ ಕೊಟ್ಟ ಕಬ್ಬಿಣದ ಗುಳಿಗೆಯ ಜೊತೆಗೂ ಕುಡಿಯಬಾರದು. ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಗೊಡುವುದಿಲ್ಲ. ಮಕ್ಕಳಿಗೆ ಭೇದಿ ಜಾಸ್ತಿಯಾದರೆ ದಾಳಿಂಬೆ ಸಿಪ್ಪೆ ಕುದಿಸುತ್ತಾ ಕೂರಬೇಡಿ. ಮೊದಲು ಓಆರ್‌ಎಸ್, ಆಮೇಲೆ ದವಾಖಾನೆ.

ಆ ಹಿಡಿತವನ್ನೇ ಕೆಲಸಕ್ಕೆ ಹಚ್ಚುವುದು ನಮ್ಮ ಮನೆಯ ಅಚ್ಚುಮೆಚ್ಚಿನ ಪಾಠ. ಬಾಗಲಕೋಟೆ, ವಿಜಯಪುರದ ಕಡೆಯಿಂದ ದಾಳಿಂಬೆ ಬರುವ ಕಾಲಕ್ಕೆ ಸಿಪ್ಪೆ ಒಣಗಿಸಿ ಡಬ್ಬಿ ತುಂಬಿಡುತ್ತೇವೆ. ಬಟ್ಟೆಯ ತೂಕದಷ್ಟು ಸಿಪ್ಪೆ, ಮುಳುಗುವಷ್ಟು ನೀರು, ಒಂದು ತಾಸು ಸಣ್ಣ ಉರಿ. ಪಟಿಕದ ನೀರಿನಲ್ಲಿ ನೆನೆಸಿದ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿದರೆ ಹಳದಿ ಬಣ್ಣ ಕಚ್ಚುತ್ತದೆ. ಬೆಲ್ಲದ ನೀರಿನಲ್ಲಿ ತುಕ್ಕು ಹಿಡಿದ ಮೊಳೆಗಳನ್ನು 15 ದಿನ ನೆನೆಹಾಕಿ, ಆ ನೀರನ್ನು ಅಳಲೆಕಾಯಿ ಕಷಾಯಕ್ಕೆ ಹನಿ ಹನಿ ಬಿಟ್ಟು ನೋಡಿ. ಕಂದು ನೀರು ಕಣ್ಣೆದುರಿಗೇ ಕಪ್ಪಾಗುತ್ತದೆ. ಅದು ಮಸಿ, ಬರೆಯಲು ಬರುತ್ತದೆ. ಬಾಣಲೆಯಲ್ಲಿ ಬೇಡ ಅಂದದ್ದು ಇಲ್ಲಿ ಬೇಕು.

ಚರ್ಮದ ಕೆಲಸವೂ ಇದೇ. ಅಥಣಿ, ನಿಪ್ಪಾಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುತ್ತಾರೆ. 2019ರಲ್ಲಿ ಅದಕ್ಕೆ ಜಿಐ, ಅಂದರೆ ಇಂಥ ಊರಿನದೇ ವಸ್ತು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ಅದರ ಚರ್ಮವನ್ನು ಹಳೆ ಪದ್ಧತಿಯಲ್ಲಿ ಹದ ಮಾಡುವುದು ಜಾಲಿ ತೊಗಟೆ, ಅಳಲೆಕಾಯಿ ನೆನೆಸಿದ ನೀರಿನಲ್ಲಿ. ನಾಲಗೆಯ ಮೇಲೆ ಎಂಜಲನ್ನು ಹಿಡಿದ ಟ್ಯಾನಿನ್ ಅಲ್ಲಿ ಚರ್ಮದ ಪ್ರೋಟೀನನ್ನು ಹಿಡಿಯುತ್ತದೆ. ಚರ್ಮ ಕೊಳೆಯುವುದಿಲ್ಲ.

ಮಸಿ ಮಾಡಿದ ದಿನ ಪಕ್ಕದ ಮನೆಯ ಜೈನರ ಅಜ್ಜಿ ಬಂದು ಕೂತಿದ್ದರು. “ಏನ್ ಮಾಡಾಕತ್ತೀರಿ?” ಅಂದರು. “ಕಷಾಯ ಅಜ್ಜಿ” ಅಂದಳು ಚಿಕ್ಕವಳು. “ನಮ್ಮಾಗ ಕಷಾಯ ಬಿಡ್ರಿ ಅಂತಾರವ್ವಾ” ಅಂದು ಅಜ್ಜಿ ಅವಳ ಕೈ ಹಿಡಿದು ಬೆರಳು ಮಡಚಿಸುತ್ತಾ ಎಣಿಸಿದರು. ಕ್ರೋಧ, ಮಾನ, ಮಾಯೆ, ಲೋಭ. ಜೈನರಲ್ಲಿ ಈ ನಾಲ್ಕಕ್ಕೂ ಕಷಾಯ ಅಂತಲೇ ಹೆಸರು. ಆಲದಂಥ ಮರದ ಒಗರು ರಸ ಬಟ್ಟೆಗೆ ಬಣ್ಣ ಅಂಟಿಸುವ ಹಾಗೆ ಇವು ಜೀವಕ್ಕೆ ಕರ್ಮವನ್ನು ಅಂಟಿಸುತ್ತವೆ ಅಂತ ಹಳೆಯ ವ್ಯಾಖ್ಯಾನಗಳಲ್ಲಿ ವಿವರಣೆ ಇದೆ. ಅಜ್ಜಿ ಮಡಚಿದ ನಾಲ್ಕೂ ಬೆರಳಿಗೆ ಮಸಿ ಹತ್ತಿತ್ತು. ಸೋಪು ಹಚ್ಚಿ ತಿಕ್ಕಿದರೂ ಮೂರು ದಿನ ಹೋಗಲಿಲ್ಲ.