ಮಕ್ಕಳ ಹೊರಾಂಗಣ ಕಲಿಕಾ ಜಾಗ: ಸಲಕರಣೆಗಿಂತ ಮೊದಲು ಯೋಚಿಸಬೇಕಾದದ್ದು

ಮೂರರಿಂದ ಆರು ವರ್ಷದ ಮಕ್ಕಳಿಗೆ ಹೊರಾಂಗಣ ಜಾಗ ರೂಪಿಸಿ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಜಾರುಬಂಡೆ, ಉಯ್ಯಾಲೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಮಗು ಇಲ್ಲಿ ಏನೇನು ಮಾಡಬಹುದು ಎಂದು ಮೊದಲು ಬರೆಯಿರಿ. ಅಗೆಯುವುದು, ಹತ್ತುವುದು, ಸುರಿಯುವುದು, ಅಡಗುವುದು, ಹೊತ್ತೊಯ್ಯುವುದು, ಸುಮ್ನೆ ಕೂತು ಇರುವೆ ಸಾಲು ನೋಡುವುದು. ನಕ್ಷೆ ಹುಟ್ಟಬೇಕಾದದ್ದು ಈ ಪಟ್ಟಿಯಿಂದ.

ಇದರ ಹಿಂದೆ 'ಅಫರ್ಡೆನ್ಸ್' ಎಂಬ ಪರಿಕಲ್ಪನೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ಕೊಟ್ಟದ್ದು. ಸುತ್ತಲಿನ ವಸ್ತು ಅಥವಾ ಜಾಗ ನಮಗೆ ಏನು ಮಾಡಲು ಅವಕಾಶ ಕೊಡುತ್ತದೆ ಎಂಬುದು ಅದರ ತಿರುಳು. ಆ ಅವಕಾಶ ನಮ್ಮ ದೇಹದ ಅಳತೆಗೆ ತಕ್ಕಂತೆ ಬದಲಾಗುತ್ತದೆ. ಮೊಣಕಾಲೆತ್ತರದ ಬಂಡೆ ದೊಡ್ಡವರಿಗೆ ಕೂರಲು ಮಾತ್ರ. ಮೂರು ವರ್ಷದ ಮಗುವಿಗೆ ಅದನ್ನು ಹತ್ತಬಹುದು, ಅದರಿಂದ ಜಿಗಿಯಬಹುದು, ಹಿಂದೆ ಅಡಗಲೂಬಹುದು. ಹಾಗಾಗಿ ಜಾಗವನ್ನು ಒಮ್ಮೆ ಮಂಡಿಯೂರಿ ನೋಡಿ. ನಿಂತು ನೋಡಿದಾಗ ಕಾಣದ್ದು ಆಗ ಕಾಣುತ್ತದೆ.

ಬಿಡಿ ವಸ್ತುಗಳು

ಈ ವಿಷಯ ಓದುತ್ತಿರುವವರಿಗೆ ಪರೀಕ್ಷೆಗೂ ಕೆಲಸಕ್ಕೂ ಜಾಸ್ತಿ ಉಪಯೋಗಕ್ಕೆ ಬರುವ ಭಾಗ ಇದು. 1971ರಲ್ಲಿ ಬ್ರಿಟಿಷ್ ಕಲಾವಿದ ಸೈಮನ್ ನಿಕೋಲ್ಸನ್ ಒಂದು ಲೇಖನದಲ್ಲಿ ಈ ವಾದ ಮುಂದಿಟ್ಟರು: ಒಂದು ಪರಿಸರದಲ್ಲಿ ಎಷ್ಟು ವಸ್ತುಗಳನ್ನು, ಎಷ್ಟು ಬಗೆಯವನ್ನು ಬದಲಿಸಬಹುದೋ, ಅಲ್ಲಿ ಹೊಸದನ್ನು ಹುಡುಕುವ, ಕಟ್ಟುವ ಅವಕಾಶವೂ ಅಷ್ಟಿರುತ್ತದೆ. ಮಗು ಎತ್ತಿ, ಸರಿಸಿ, ಬೇಕಾದಂತೆ ಜೋಡಿಸಬಹುದಾದ ಕೋಲು, ಕಲ್ಲು, ಹಲಗೆ, ಬೀಜ, ಒಣ ಎಲೆ, ಹಗ್ಗ, ಬಕೆಟ್ ಎಲ್ಲವೂ ಬಿಡಿ ವಸ್ತುಗಳೇ. ಇದಕ್ಕೂ ಮುಂಚೆ, 1943ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಎಮ್ಡ್ರುಪ್‌ನಲ್ಲಿ ಸೋರೆನ್ಸನ್ ಎಂಬ ಭೂದೃಶ್ಯ ವಿನ್ಯಾಸಕಾರರ ಆಲೋಚನೆಯಂತೆ ಹಳೆಯ ಸಾಮಾನುಗಳ ಆಟದ ಮೈದಾನ ಶುರುವಾಗಿತ್ತು. ಮಕ್ಕಳು ಅಲ್ಲಿ ತಾವೇ ಕಟ್ಟಿ, ಕೆಡವಿ, ಮತ್ತೆ ಕಟ್ಟುತ್ತಿದ್ದರು. ನಾವು ಪೂರ್ತಿ ಮಾಡಿ ಕೊಟ್ಟ ಜಾಗದಲ್ಲಿ ಮಗುವಿಗೆ ಮಾಡಲು ಉಳಿಯುವುದೇನು? ಆದ್ದರಿಂದ ಒಂದು ಮೂಲೆಯನ್ನಾದರೂ ಬೇಕಂತಲೇ ಹಾಗೇ ಬಿಡಿ.

ಮರಳು ಮತ್ತು ನೀರನ್ನು ಅಕ್ಕಪಕ್ಕ ಇಡಿ. ಒಣ ಮರಳಿನಲ್ಲಿ ಸುರಿಯುವ ಆಟ ಆಗುತ್ತದೆ, ಆದರೆ ಸುರಂಗ ನಿಲ್ಲುವುದಿಲ್ಲ. ಒದ್ದೆಯಾದರೆ ಅದೇ ಮರಳು ಅಣೆಕಟ್ಟಾಗುತ್ತದೆ, ಕಾಲುವೆಯಾಗುತ್ತದೆ. ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ಇಂಗುತ್ತದೆ ಎಂಬುದನ್ನು ಮಗು ಯಾರೂ ಹೇಳಿಕೊಡದೆ ಕಂಡುಕೊಳ್ಳುತ್ತದೆ. ವಿಜ್ಞಾನ ಶುರುವಾಗುವುದು ಹೀಗೇ ಅಲ್ವಾ? ಮರಳುಗುಂಡಿಯ ಅಡಿಯಲ್ಲಿ ನೀರು ಬಸಿದುಹೋಗಲು ದಾರಿ ಇರಲಿ. ಬೆಕ್ಕುಗಳು ಗಲೀಜು ಮಾಡದಂತೆ ರಾತ್ರಿ ಮುಚ್ಚಿಡಿ. ನಿಂತ ನೀರು ಕೆಲವೇ ಸೆಂಟಿಮೀಟರ್ ಆಳವಿದ್ದರೂ ಪುಟ್ಟ ಮಗು ಮುಳುಗಬಹುದು. ಆದ್ದರಿಂದ ಕೊಳಕ್ಕಿಂತ, ಒತ್ತಿದಾಗ ಮಾತ್ರ ನೀರು ಬಂದು ಹರಿದುಹೋಗುವ ಕೈಪಂಪು ಒಳ್ಳೆಯದು. ಆಗಲೂ ದೊಡ್ಡವರ ಕಣ್ಣು ಇರಲೇಬೇಕು.

ಸವಾಲು ಬೇರೆ, ಅಪಾಯ ಬೇರೆ

ಮಗುವಿಗೆ ಕಾಣುವ, ಅದು ಅಳೆದು ನೋಡಿ ನಿರ್ಧರಿಸಬಹುದಾದದ್ದು ಸವಾಲು. ದಿಮ್ಮಿಯ ಮೇಲೆ ನಡೆಯುವುದು, ದಿಬ್ಬ ಹತ್ತುವುದು ಇಂಥವು. ಮಗುವಿಗೆ ಕಾಣದ್ದು, ಅರ್ಥವಾಗದ್ದು ಅಪಾಯ. ಒಳಗೆ ಕೊಳೆತ ಕೊಂಬೆ, ಚಾಚಿಕೊಂಡ ಮೊಳೆ, ವಿಷದ ಬೀಜ ಈ ಸಾಲಿನವು. ಸವಾಲನ್ನು ಉಳಿಸಿ, ಅಪಾಯವನ್ನು ತೆಗೆಯಬೇಕು. ಎರಡನ್ನೂ ಒಟ್ಟಿಗೆ ಗುಡಿಸಿ ಹಾಕಿದರೆ ಮಕ್ಕಳು ತಮ್ಮ ಶಕ್ತಿಯನ್ನು ಅಳೆಯುವುದು ಎಲ್ಲಿ ಕಲಿಯಬೇಕು? ಆಟದ ಸಲಕರಣೆಗಳ ಸುರಕ್ಷತೆಗಾಗಿ ಇರುವ ಯುರೋಪಿನ ಇಎನ್ 1176 ಮಾನದಂಡವು ಆಟದ ಸಲಕರಣೆಯಿಂದ 60 ಸೆಂ.ಮೀ.ಗಿಂತ ಎತ್ತರದಿಂದ ಬೀಳುವ ಸಾಧ್ಯತೆ ಇದ್ದರೆ ಕೆಳಗೆ ಪೆಟ್ಟು ತಗ್ಗಿಸುವ ನೆಲ ಇರಬೇಕು ಎನ್ನುತ್ತದೆ. ಮರದ ಚಕ್ಕೆ, ಸಡಿಲ ಮರಳು ಇದಕ್ಕೆ ಆಗುತ್ತವೆ. ಆದರೆ ಕಾಲ್ತುಳಿತಕ್ಕೆ ಅವು ಸರಿದುಹೋಗುತ್ತವೆ, ಗಟ್ಟಿಯಾಗುತ್ತವೆ. ಆಗಾಗ ಕೆದಕಿ ತುಂಬುವ ಕೆಲಸವನ್ನೂ ಯೋಜನೆಯಲ್ಲಿ ಬರೆಯಿರಿ.

ಗಿಡಗಳ ವಿಷಯದಲ್ಲಿ ಕಣಗಿಲೆ, ದತ್ತೂರಿ, ಹರಳು ಬೇಡ, ಮೂರೂ ವಿಷ. ಮುಟ್ಟಿದರೆ, ಉಜ್ಜಿದರೆ ವಾಸನೆ ಬರುವ ಗಿಡ, ಚಿಟ್ಟೆ ಬರುವ ಹೂ, ಬೇಗ ಬೆಳೆಯುವ ತರಕಾರಿ ಇರಲಿ. ಎಳೆಯ ಸಸಿ ತುಳಿತಕ್ಕೆ ಉಳಿಯುವುದಿಲ್ಲ, ಬೇರು ಬಿಡುವವರೆಗೆ ಸುತ್ತ ಕಲ್ಲು ಜೋಡಿಸಿ.

ದಾರಿಗಳಿಗೆ ಮೊದಲ ದಿನವೇ ಕಾಂಕ್ರೀಟ್ ಹಾಕಬೇಡಿ. ಕೆಲವು ತಿಂಗಳು ಕಾಯಿರಿ, ಮಕ್ಕಳ ಕಾಲಿಗೆ ಹುಲ್ಲು ಸವೆದು ದಾರಿ ತಾನೇ ಮೂಡುತ್ತದೆ. ಗಾಲಿಕುರ್ಚಿಯ ಮಗುವೂ ಮರಳು, ನೀರಿನ ತನಕ ಹೋಗಲು ಒಂದು ಗಟ್ಟಿ, ಅಗಲದ ದಾರಿ ಮಾತ್ರ ಆರಂಭದಿಂದಲೇ ಬೇಕು. ಸಾಮಾನಿನ ಕಪಾಟು ಆಟದ ಜಾಗದ ಪಕ್ಕದಲ್ಲೇ, ಮಕ್ಕಳ ಕೈಗೆ ಎಟಕುವಂತಿರಲಿ. ದೂರದ ಕೋಣೆಯಲ್ಲಿ ಬೀಗ ಹಾಕಿಟ್ಟ ಬಕೆಟ್‌ಗಳನ್ನು ದಿನವೂ ಹೊರಗೆ ತರುವ ಶಿಕ್ಷಕರು ಕಡಿಮೆ.